ಪುಯೆಬ್ಲಾದ ಆ ಹುಡುಗಿ ಯಾವ ಊರಿನವಳು?

ಅದು 1996ರ ಏಪ್ರಿಲ್. ಗ್ರೀನ್ ಕಾರ್ಡ್ ಬಂದಿದ್ದೇ ತಡ, ನಾನು ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹತ್ತಿರದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಪ್ಯಾಂಟಿನ ಉದ್ದ ಕಮ್ಮಿ ಮಾಡೋದು, ಕೋಟಿಗೆ ಜಿಪ್ ಹಾಕೋದು, ಇಂಥ ಕೆಲಸ. ನನ್ನ ಪಕ್ಕದ ಮಷೀನಿನಲ್ಲಿ ಲೂಪೆ ಅಂತ ಅರವತ್ತು ದಾಟಿದ ಹೆಂಗಸು ಕೂರುತ್ತಿದ್ದರು. ಮೆಕ್ಸಿಕೋದ ಪುಯೆಬ್ಲಾ ನಗರದವರು. ಅವರ ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲು ಸ್ಪ್ಯಾನಿಷ್ ಇರುತ್ತಿತ್ತು.

ಊಟದ ಬಿಡುವಿನಲ್ಲಿ ಅವರು ಕೆಂಪು ಲಂಗವೊಂದಕ್ಕೆ ಮಿಂಚು ಬಿಲ್ಲೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಮೇ ಐದಕ್ಕೆ ತಮ್ಮೂರಲ್ಲಿ ದೊಡ್ಡ ಹಬ್ಬ, ಹಿಂದೆ ಫ್ರೆಂಚರ ಸೈನ್ಯವನ್ನು ಅಲ್ಲೇ ಸೋಲಿಸಿದ ದಿನ ಅಂತ ಅವರು ಹೇಳಿದ್ದು ಹೇಗೋ ಅರ್ಥವಾಗಿತ್ತು.

ಒಂದು ದಿನ ಇದ್ದಕ್ಕಿದ್ದಂತೆ, “ಕೊಚ್ಚಿನ್! ನಿನಗೆ ಕೊಚ್ಚಿನ್ ಗೊತ್ತಾ?” ಅಂದರು.

ನಮ್ಮ ನಾದಿನಿ ಇದ್ದಿದ್ದು ಅಲ್ಲೇ. “ಚೆನ್ನಾಗಿ ಗೊತ್ತು” ಅಂದೆ. ಆಮೇಲೆ ಅವರು ಗಡಗಡ ಏನೇನೋ ಕೇಳಿದರು. ಹಿಂದೆ ಇನ್ನಿಬ್ಬರು ಮಷೀನ್ ಓಡಿಸುತ್ತಿದ್ದರು, ಏನೂ ಕೇಳಿಸಲಿಲ್ಲ. ಪಾಪ, ಹಿರಿಯರು ಅಂತ ಎಲ್ಲಕ್ಕೂ ತಲೆಯಾಡಿಸಿದೆ. ಲೂಪೆ ಕೈಯಲ್ಲಿದ್ದ ಲಂಗ ಬಿಟ್ಟು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಹಬ್ಬದ ಭಾನುವಾರ ಅವರ ಚರ್ಚಿನ ಹಾಲ್‌ಗೆ ಬರಬೇಕಂತೆ, ಸೀರೆ ಉಟ್ಟುಕೊಂಡೇ ಬರಬೇಕಂತೆ.

ನಮ್ಮವರ ಜೊತೆ ಹೋದೆ. ಬಣ್ಣದ ಕಾಗದ ಕತ್ತರಿಸಿ ಮಾಡಿದ ತೋರಣ, ಮೆಣಸಿನಕಾಯಿ ಘಾಟು, ಕೆಂಪು ಹಸಿರು ಲಂಗ ತೊಟ್ಟ ಹುಡುಗಿಯರ ಕುಣಿತ. ಆ ಉಡುಪಿಗೆ ‘ಚೀನಾ ಪೋಬ್ಲಾನಾ’, ಅಂದರೆ ಪುಯೆಬ್ಲಾದ ಚೀನೀ ಹುಡುಗಿ, ಅನ್ನುತ್ತಾರೆ. ಚೀನಾಕ್ಕೂ ಪುಯೆಬ್ಲಾಕ್ಕೂ ಏನು ಸಂಬಂಧ ಅಂತ ಯೋಚಿಸುತ್ತಿದ್ದಾಗಲೇ ನನ್ನನ್ನು ಕರೆದು ವೇದಿಕೆ ಮೇಲೆ ಕೂರಿಸಿದರು. ಲೂಪೆ ಅವರ ಕಾಲೇಜು ಓದುವ ಮೊಮ್ಮಗಳು ಎಲೆನಾ ಮೈಕ್ ಹಿಡಿದಳು. ಸ್ಪ್ಯಾನಿಷ್‌ನಲ್ಲಿ ಹೇಳಿ, ನನಗೋಸ್ಕರ ಇಂಗ್ಲಿಷಿನಲ್ಲೂ ಹೇಳುತ್ತಿದ್ದಳು.

ನೂರಾರು ವರ್ಷದ ಹಿಂದೆ ಇಂಡಿಯಾದ ಒಬ್ಬ ಪುಟ್ಟ ಹುಡುಗಿಯನ್ನು ಕಡಲ್ಗಳ್ಳರು ಕದ್ದರಂತೆ. ಕೊಚ್ಚಿನ್‌ನಲ್ಲಿ ಇಟ್ಟುಕೊಂಡಿದ್ದು, ಮನಿಲಾಗೆ ಸಾಗಿಸಿ, ಅಲ್ಲಿಂದ ಮೆಕ್ಸಿಕೋಗೆ ತಂದು ಪುಯೆಬ್ಲಾದ ದಂಪತಿಗೆ ಮಾರಿದರಂತೆ. ಆಗೆಲ್ಲ ಪೂರ್ವದಿಂದ ಬಂದವರನ್ನು ಅಲ್ಲಿ ‘ಚೀನಾ’ದವರು ಅಂತಲೇ ಕರೆಯುತ್ತಿದ್ದರಂತೆ. ಹುಡುಗಿ ಅಲ್ಲೇ ಮುದುಕಿಯಾಗಿ, ಜನರ ಕಣ್ಣಿಗೆ ಸಂತಳ ಹಾಗೆ ಕಂಡು, ಅಲ್ಲೇ ಮಣ್ಣಾದಳು. ಈ ಲಂಗ ಅವಳದೇ ಅಂತ ಊರಿನ ನಂಬಿಕೆ.

ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಆಗ ಎಲೆನಾ, “ಈ ಮೇಡಂ ಆ ಹುಡುಗಿಯ ಊರಿನವರು!” ಅಂದಳು. ಚಪ್ಪಾಳೆಯೋ ಚಪ್ಪಾಳೆ. ಆಗ ಗೊತ್ತಾಯಿತು, ಅಂಗಡಿಯಲ್ಲಿ ನಾನು ಯಾವುದಕ್ಕೆ ತಲೆಯಾಡಿಸಿದ್ದೆ ಅಂತ!

“ಅಜ್ಜಿ ಚಿಕ್ಕಂದಿನಿಂದ ಒಂದು ವಿಷಯ ಯೋಚನೆ ಮಾಡ್ತಿದ್ದಾರೆ” ಅಂದಳು ಎಲೆನಾ. “ನಿಮ್ಮೂರಲ್ಲಿ ಈಗಲೂ ಅವಳನ್ನ ನೆನೆಸ್ಕೋತಾರಾ?”

ಕೆಳಗೆ ಮುಂದಿನ ಸಾಲಿನಲ್ಲಿದ್ದ ನಮ್ಮವರು, “ಹೂಂ ಅಂದ್ಬಿಡು, ಮುಗ್ದೋಗುತ್ತೆ” ಅಂತ ಕನ್ನಡದಲ್ಲೇ ಪಿಸುಗುಟ್ಟಿದರು. ಹೂಂ ಅಂದಿದ್ದರೆ ಎಲ್ಲರಿಗೂ ಖುಷಿಯಾಗುತ್ತಿತ್ತು. ಆದರೆ ಲೂಪೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

“ನಾನು ಕೊಚ್ಚಿನ್ನಿನವಳಲ್ಲ, ಮೈಸೂರಿನವಳು. ನೀವು ಕೇಳಿದ್ದು ಅರ್ಥವಾಗದೆ ತಲೆಯಾಡಿಸಿದೆ. ಈ ಹುಡುಗಿಯ ಕಥೆ ನಾನು ಕೇಳಿದ್ದು ಇವತ್ತೇ. ನಮ್ಮ ಕಡೆ ಯಾರಿಗೂ ಗೊತ್ತಿರೋ ಹಾಗಿಲ್ಲ” ಅಂದೆ.

ಎಲೆನಾ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಲೂಪೆ ನಗಲಿಲ್ಲ. ನಿಧಾನಕ್ಕೆ ವೇದಿಕೆ ಹತ್ತಿ ಬಂದು ನನ್ನ ಕೈ ಹಿಡಿದು ಏನೋ ಕೇಳಿದರು. ಎಲೆನಾ ಇಂಗ್ಲಿಷಿಗೆ ತಿರುಗಿಸಿದಳು: “ಹಾಗಾದ್ರೆ ನಿಮ್ಮ ಕಡೆಯವರಿಗೆ ನೀನಾದ್ರೂ ಹೇಳ್ತೀಯಾ?”

ಮುಂದಿನ ವಾರವೇ ಅಮ್ಮನಿಗೆ ಆರು ಪುಟದ ಕಾಗದ ಬರೆದೆ. ಹಾಗೇ ಲೈಬ್ರರಿಗೂ ಹೋಗಿ ಹುಡುಕಿದೆ. ಅವಳು ಉತ್ತರ ಭಾರತದ ಕಡೆಯವಳಿರಬಹುದಂತೆ. ಬದುಕಿದಷ್ಟು ಕಾಲ ಒರಟು ಬಟ್ಟೆ ಉಟ್ಟವಳು, ಆ ಮಿಂಚಿನ ಲಂಗ ಎಷ್ಟೋ ಕಾಲದ ನಂತರದ್ದು. ಇದನ್ನು ಹೇಳಿದಾಗ ಲೂಪೆ, “ಗೊತ್ತು. ಅವಳಿಗೆ ಸಿಗಲಿಲ್ಲ ಅಂತಲೇ ನಾವು ಹಾಕ್ಕೋತೀವಿ” ಅಂದರು.

ತಿಂಗಳ ಮೇಲೆ ಅಮ್ಮನ ಉತ್ತರ ಬಂತು. ಕಾಗದವನ್ನು ವಠಾರದ ಹೆಂಗಸರಿಗೆಲ್ಲ ಓದಿ ಹೇಳಿದರಂತೆ. “ಸಾವಿತ್ರಮ್ಮ ಅತ್ತುಬಿಟ್ಟರು. ಆ ಮಗು ಅಮ್ಮನ್ನ ಏನಂತ ಕರೀತಿತ್ತೋ? ಆ ಮಾತು ಮರೆತುಹೋಗಿರುತ್ತಾ ಅಷ್ಟು ವರ್ಷದಲ್ಲಿ? ನಿಮ್ಮ ಲೂಪೆ ಅವರನ್ನ ಕೇಳಿ ಬರೆ” ಅಂತಿತ್ತು.

ಕೇಳಿದೆ. ಲೂಪೆ ಮಷೀನ್ ನಿಲ್ಲಿಸಿದರು. “ಅದನ್ನ ಯಾರೂ ಬರೆದಿಟ್ಟಿಲ್ಲ” ಅಂದರು. ಅಮ್ಮನಿಗೆ ಅದನ್ನೇ ಬರೆದೆ. ನನಗೆ ಇವತ್ತಿಗೂ ಆ ಹುಡುಗಿಯ ಲಂಗಕ್ಕಿಂತ, ಊರಿಗಿಂತ, ಅವಳು ಅಮ್ಮನನ್ನು ಕರೆಯುತ್ತಿದ್ದ ಆ ಒಂದು ಮಾತೇ ಬೇಕು ಅನ್ನಿಸುತ್ತದೆ.