ಬಂದೂಕಿಗೆ ವಿಲಾಯಿತಿ ಹೆಸರು

ಚನ್ನಗಿರಿಯ ಪಾತ್ರೆ ಅಂಗಡಿ ಮುಂದೆ ಕೂತು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯೋದು ನನ್ನ ಕೆಲಸ. ಮೊನ್ನೆ ಕೂಲಿಂಗ್ ಗ್ಲಾಸ್ ಹಾಕಿದ್ದ ಒಬ್ಬ ಆಸಾಮಿ ಗೋಣಿಚೀಲ ಬಿಚ್ಚಿ, ತುಕ್ಕು ಹಿಡಿದ ಹಳೇ ಬಂದೂಕೊಂದನ್ನು ನನ್ನ ಮುಂದಿಟ್ಟ. ಒಮ್ಮೆ ತುಂಬಿದರೆ ಒಂದರ ಹಿಂದೊಂದು ಗುಂಡು ಹಾರಿಸುತ್ತಿತ್ತಂತೆ, ಈಗ ಷೋಕೇಸಿಗಷ್ಟೇ.

“ಇದರ ಮೇಲೆ ವಿಲಾಯಿತಿ ಕಂಪನಿ ಹೆಸರು ಹಾಕಿಕೊಡ್ರಿ. ಫೋಟೋ ತೆಗೆದು ಆನ್‌ಲೈನಿನಾಗೆ ಮಾರಾಕೆ ಜಾಹೀರಾತು ಕೊಡಬೇಕು” ಅಂತ ಮಡಿಸಿದ ಚೀಟಿಯೊಂದನ್ನು ಪಕ್ಕದಲ್ಲಿಟ್ಟ.

ತಿರುಗಿಸಿ ನೋಡಿದರೆ ಕಬ್ಬಿಣದ ಮೇಲೆ ಕನ್ನಡದಲ್ಲಿ ಆಗಲೇ ಒಂದು ಹೆಸರಿತ್ತು: ‘ಬಸಪ್ಪ, ಸವಳಂಗ’.

“ಅದನ್ನ ಉಜ್ಜಿ ಹಾಕ್ರಿ. ಯಾವನೋ ಹಳ್ಳಿಯೋನು.”

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆ ಮನೆಯಲ್ಲಿ ಒಬ್ಬರ ಚೊಂಬು ಇನ್ನೊಬ್ಬರ ಪಾಲಾಗಬಾರದು ಅಂತಲೇ ಹೆಸರು ಹಾಕೋನು ನಾನು.

“ಹೆಸರು ಉಜ್ಜಿದ ಪಾತ್ರೆ ಅಂದ್ರೆ ಕದ್ದ ಪಾತ್ರೆ ಕಣ್ರೀ! ಮೊದಲು ಇಲ್ಲಿಂದ ಎದ್ದೇಳ್ರಿ!” ಅಂತ ಕೂಗಿದೆ.

“ಒಂದು ಹೆಸರು ಹಾಕಾಕೆ ಇಷ್ಟು ಧಿಮಾಕಾ?” ಅನ್ನುತ್ತಾ ಬಂದೂಕು ಎತ್ತಿಕೊಂಡು ಹೋದ. ಕೊರೆಯಬೇಕಾದ ಹೆಸರಿನ ಚೀಟಿಯನ್ನು ಅಲ್ಲೇ ಮರೆತಿದ್ದ.

ಬಿಡಿಸಿ ನೋಡಿದೆ. ವಿಲಾಯಿತಿ ಕಂಪನಿಯ ಹೆಸರನ್ನು ಅವನೂ ಕನ್ನಡದಲ್ಲೇ ಬರೆದಿದ್ದ. ಅದರ ಕೆಳಗೆ ಇನ್ನೊಂದು ಸಾಲು: ‘ಇಂಗ್ಲಿಷು ನೀವೇ ನೋಡ್ಕೊಳ್ರಿ.’