ಅತ್ತೆ ಮಣ್ಣು ಮಾಡಿದ ಶೇಂಗಾ ಚೀಲ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಶೇಂಗಾ ಸುಲಿದು ಸುಲಿದು ನಡುವೆ ಸೀಳಿ ಹೋಗಿತ್ತು. ಒಂದು ಕಾಳು ಮಂಚದಡಿ ಉರುಳಿದರೂ ಬಗ್ಗಿ ಹುಡುಕುವ ಹೆಂಗಸು. ಬೂಷ್ಟು ಬಂದ ಶೇಂಗಾವನ್ನೂ ಬಿಡುತ್ತಿರಲಿಲ್ಲ. "ತೊಳದು, ಬಿಸಲಿಗೆ ಹಾಕಿ, ಘಮ್ಮಂತ ಹುರದ್ರ ಬೂಷ್ಟೆಲ್ಲಾ ಹೋಗತೈತಿ" ಎನ್ನುತ್ತಿದ್ದರು. ಅಬ್ಬಬ್ಬಾ, ಅವರೊಡನೆ ವಾದ ಮಾಡಿ ಗೆದ್ದವರುಂಟೆ!

ನಾನು ಬಸುರಿಯಾದಾಗ ಕಡ್ಡಿರಾಂಪುರದ ನಮ್ಮ ಮನೆಯಲ್ಲಿ ಅವರ ಸಡಗರ ಹೇಳತೀರದು. ಮಳೆಗೆ ತೊಯ್ದಿದ್ದ ಚೀಲದಿಂದ ಶೇಂಗಾ ತೆಗೆದು ಹುರಿದು ಉಂಡೆ ಕಟ್ಟಿದರು. ನನಗೊಂದು ತಿನ್ನಿಸಿ, ಮರುದಿನ ತಪಾಸಣೆಗೆ ಹೋಗುವಾಗ ಹೊಸಪೇಟೆಯ ಡಾಕ್ಟರಮ್ಮನಿಗೂ ಡಬ್ಬಿ ತುಂಬ ಒಯ್ದರು.

ಡಾಕ್ಟರಮ್ಮ ಕಚ್ಚಿದವರೇ ಮುಖ ಕಿವುಚಿದರು. "ಕಹಿ ಅದಾವಲ್ರಿ! ಬೂಷ್ಟು ಬಂದಿತ್ತೇನು?"

ಅತ್ತೆ ಹೆಮ್ಮೆಯಿಂದ ತಮ್ಮ ಕೈಚಳಕ ವಿವರಿಸಿದರು.

"ಹುರದ್ರೂ ಬೂಷ್ಟಿನ ವಿಷ ಪೂರ್ತಿ ಹೋಗಂಗಿಲ್ಲಮ್ಮ. ಬಸುರಿ ತಿಂದ್ರ ಹೊಟ್ಯಾಗಿನ ಕೂಸಿನ ಎಲುಬು ಬೆಳೆಯಾಕೂ ತೊಂದ್ರಿ ಆಗಬಹುದು ಅಂತ ಇಲಿಗಳ ಮ್ಯಾಲೆ ಪರೀಕ್ಷೆ ಮಾಡಿದೋರು ಹೇಳ್ತಾರ. ಒಂದು ಉಂಡಿಗೆ ಹೆದರಬ್ಯಾಡ್ರಿ. ಇನ್ನಮ್ಯಾಲೆ ಕೊಡಬ್ಯಾಡ್ರಿ."

ಅತ್ತೆಯ ಮುಖ ಕಪ್ಪಿಟ್ಟಿತು. "ನನ್ನ ಮಗನ ಕಾಲು ಹುಟ್ಟಿದಾಗಿಂದ ಸೊಟ್ಟ ಐತ್ರಿ. ಅವ ಹೊಟ್ಯಾಗಿದ್ದಾಗ ನಾ ಇಂಥದ್ದನ್ನ ತಿಂತಿದ್ದೆ. ಅದಕ್ಕ ಹಂಗಾತೇನು?"

"ಅದನ್ನ ಈಗ ಯಾರೂ ಹೇಳಾಕ ಬರಂಗಿಲ್ಲಮ್ಮ."

ಮನೆಗೆ ಬಂದವರೇ ಚೀಲವನ್ನು ಹಿತ್ತಲಿಗೆ ಎಳೆದರು. ಎಮ್ಮೆಗಾದರೂ ಹಾಕೋಣವೇ ಎಂದೆ. "ಸುಮ್ನಿರವ್ವ, ಅದೂ ಗಬ್ಬ ಐತಿ!" ಎಂದು ಗದರಿದರು. ಗುಂಡಿ ತೋಡಿ ಚೀಲ ಸುರಿದು, ಅಳುತ್ತಲೇ ಮಣ್ಣೆಳೆದರು. ತೋರಣಗಲ್ಲಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನನ್ನ ಗಂಡ ಸಂಗತಿ ತಿಳಿದು ಅವರ ಪಕ್ಕ ಕುಕ್ಕರಿಸಿದ.

"ಯವ್ವಾ, ಇದ ಸೊಟ್ಟ ಕಾಲಿಲೆ ದಿನಾ ಓಡಿ ಕಂಪನಿ ಬಸ್ ಹಿಡಿತೀನಿ. ಯಾವತ್ತರ ತಪ್ಪೈತೇನು?"

ಅತ್ತೆ ಮೂಗೊರೆಸಿಕೊಂಡು ನಕ್ಕರು. "ನಿನ್ನೆ ತಪ್ಪಿತ್ತಲ್ಲೋ!"

ಮಗಳು ಹುಟ್ಟಿದ ಮೇಲೆ ಎಣ್ಣೆ ಹಚ್ಚುವಾಗೆಲ್ಲ ಅವಳ ಕಾಲು ನೀವಿ ನೀವಿ ನೋಡುತ್ತಿದ್ದರು. "ನೆಟ್ಟಗ ಅದಾವ, ಬಾ ನೋಡು" ಎಂದು ದಿನವೂ ನನ್ನನ್ನು ಕರೆಯುತ್ತಿದ್ದರು. ನಾನೂ ದಿನವೂ ಹೋಗಿ ನೋಡುತ್ತಿದ್ದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಒಂದು ಕಾಳನ್ನೂ ಚೆಲ್ಲದ ಆ ಜೀವ ನನ್ನ ಕೂಸಿಗಾಗಿ ಚೀಲವನ್ನೇ ಮಣ್ಣು ಮಾಡಿತು. ಆ ಋಣ ನನ್ನ ಮೇಲೆ ಹಾಗೇ ಇದೆ. ಈಗ ಬೆಳಿಗ್ಗೆ ಹೊತ್ತಾದರೆ ಮಗಳು ಹಿತ್ತಲಿನ ಆ ಜಾಗ ದಾಟಿ ಶಾಲೆಯ ಬಸ್ಸಿಗೆ ಓಡುತ್ತಾಳೆ. ಕಾಲು ನೆಟ್ಟಗಿವೆ, ಚೆನ್ನಾಗಿಯೇ ಓಡುತ್ತಾಳೆ. ಆದರೂ ಅಪ್ಪನ ಹಾಗೆ ಬಸ್ ತಪ್ಪಿಸಿಕೊಂಡೇ ಬರುತ್ತಾಳೆ.