ನಾಲ್ಕರಿಂದ ಐದರವರೆಗಿನ ನನ್ನ ಪಾಳಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಸ್ಕೂಟರ್ ಜಾರಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಅದಕ್ಕೂ ಒಂದು ಕ್ಷಣ ಮೊದಲು ಕೈಗಡಿಯಾರ ನೋಡಿಕೊಂಡಿದ್ದೆ. ನಾಲ್ಕಕ್ಕೆ ಖಾನಾಪುರದ ನಮ್ಮ ಚರ್ಚಿನಲ್ಲಿ ಇರಬೇಕಿತ್ತು. ಇನ್ನೂ ಇಪ್ಪತ್ತು ನಿಮಿಷವಿದೆ ಎಂದುಕೊಂಡೆ. ಬಹುಶಃ ರಸ್ತೆಯಿಂದ ಕಣ್ಣು ತೆಗೆದ ಆ ಕ್ಷಣವೇ ಸಾಕಾಯಿತು.

ಮುಂದೆ ಹೋಗುವ ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹುಟ್ಟಿದ್ದು ಖಾನಾಪುರದ ಕ್ರೈಸ್ತ ಮನೆತನದಲ್ಲಿ. ಭಾನುವಾರ ಆರಾಧನೆ ತಪ್ಪಿಸುವುದಿಲ್ಲ, ಪ್ರಾರ್ಥನೆಯನ್ನೂ ಬಿಟ್ಟಿಲ್ಲ. ಆದರೆ ಆರಾಧನೆಯ ಕೊನೆಗೆ ಯಾರಾದರೂ ಎದ್ದು ನಿಂತು ತಮಗೆ ದನಿ ಕೇಳಿಸಿತು, ಯಾರೋ ಬಂದು ಮುಟ್ಟಿದರು ಎಂದು ಸಾಕ್ಷಿ ಹೇಳಿದರೆ ನಾನು ನೆಲ ನೋಡುತ್ತ ಕೂಡುತ್ತಿದ್ದೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ದಣಿದ ಮನಸ್ಸು ಏನೇನೋ ಕಟ್ಟಿಕೊಳ್ಳುತ್ತದೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಇದನ್ನು ಬರೆಯಲು ನಾಲ್ಕು ವರ್ಷ ಹಿಡಿದದ್ದು ಅದಕ್ಕೇ.

ನನ್ನ ತಂಗಿ ಸುನೀತಾಳ ಮಗ ಆರೋನನಿಗೆ ಆಗ ಆರು ವರ್ಷ. ಮಿದುಳು ಜ್ವರವೆಂದು ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿ ಐದು ದಿನವಾಗಿತ್ತು. ಮೂರು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಇನ್ನೆರಡು ದಿನ ದಾಟಿದರೆ ಉಳಿಯುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಸುದ್ದಿ ತಿಳಿದ ಕೂಡಲೇ ಖಾನಾಪುರದ ನಮ್ಮ ಚರ್ಚಿನ ಸಭೆಯವರು ಸರಪಳಿ ಪ್ರಾರ್ಥನೆ ಆರಂಭಿಸಿದರು.

ನಮ್ಮಲ್ಲಿ ಅದಕ್ಕೊಂದು ಪದ್ಧತಿಯಿದೆ. ಆರಾಧನೆಯ ಹಾಲಿನ ಪಕ್ಕದ ತಗಡು ಹೊದಿಸಿದ ಸಣ್ಣ ಕೋಣೆಯಲ್ಲಿ, ನಾರಿನ ಚಾಪೆಯ ಮೇಲೆ ಒಬ್ಬೊಬ್ಬರು ಒಂದೊಂದು ತಾಸು ಪ್ರಾರ್ಥಿಸಬೇಕು. ತಾಸು ಮುಗಿಯುವ ಹೊತ್ತಿಗೆ ಮುಂದಿನ ಪಾಳಿಯವರು ಬಂದು ಹಿಂದೆ ಮೊಣಕಾಲೂರಿ ಕಣ್ಣು ಮುಚ್ಚುತ್ತಾರೆ. ಮುಗಿಸಿದವರು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟು ಹೊರಗೆ ನಡೆಯುತ್ತಾರೆ. ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ. ನಡುವೆ ಕೋಣೆ ಖಾಲಿಯಾದರೆ ಸರಪಳಿ ಹರಿಯಿತು ಎನ್ನುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲೇ ಕೂತು ಪ್ರಾರ್ಥಿಸಿದ್ದರೂ ನಡೆಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆನ್ನಲು ಬಾಯಿ ಬರಲಿಲ್ಲ. ಹೊರಡುವಾಗ ಸುನೀತಾ ನನ್ನ ಕೈ ಹಿಡಿದು, "ಅಕ್ಕಾ, ನಿನ್ನ ಪಾಳಿ ತಪ್ಪಸಬ್ಯಾಡ" ಎಂದಿದ್ದಳು.

ನನಗಿಂತ ಮೊದಲಿನ ಪಾಳಿ ಯೋಹಾನ ಕಾಕಾ ಅವರದು, ನಮ್ಮ ಸಭೆಯ ಹಿರಿಯರು. ಹೊರಟಿದ್ದೇನೆ ಎಂದು ಅವರಿಗೆ ಫೋನ್ ಮಾಡಿ ತಿಳಿಸಿದ್ದೆ. "ಸಾವಕಾಶ ಬಾರವಾ. ನಾ ಮಾತ್ರ ನಾಲ್ಕಕ್ಕ ಏಳಾಂವ, ಲೋಂಡಾಕ್ಕ ಹೋಗೂ ರೈಲು ನನ್ನ ಸಂಬಂಧ ನಿಲ್ಲೂದಿಲ್ಲ" ಎಂದಿದ್ದರು.

ಹೆದ್ದಾರಿಯಲ್ಲಿ ಕೆಲಸ ನಡೆದು ವಾಹನಗಳು ಸಾಲುಗಟ್ಟಿ ನಿಂತಿದ್ದವು. ನಾನು ಹೊಲಗಳ ನಡುವಿನ ಒಳದಾರಿ ಹಿಡಿದೆ. ಜುಲೈ ತಿಂಗಳು, ಮಳೆ ಹಿಡಿದಿತ್ತು. ಒಂದು ಮೋರಿಯ ಹತ್ತಿರ ಕೆಸರಿನಲ್ಲಿ ಚಕ್ರ ಜಾರಿ, ಗಾಡಿ ಸಮೇತ ರಸ್ತೆಯ ಕೆಳಗಿನ ಗಟಾರಕ್ಕೆ ಬಿದ್ದೆ. ಗಾಡಿ ಬಲಗಾಲಿನ ಮೇಲಿತ್ತು. ಎಷ್ಟು ಎಳೆದರೂ ಕಾಲು ಬರಲಿಲ್ಲ. ಫೋನು ಸೀಟಿನ ಕೆಳಗಿನ ಡಿಕ್ಕಿಯಲ್ಲಿತ್ತು. ಅದು ಎರಡು ಸಲ ರಿಂಗಾಗಿ ನಿಂತದ್ದು ಕೇಳಿಸಿತು. ಕೈಗೆ ನಿಲುಕಲಿಲ್ಲ.

ಮೊದಲು ನೀರು ಸೊಂಟದ ಕೆಳಗಿತ್ತು. ಮೇಲಿನ ಹೊಲಗಳ ನೀರೆಲ್ಲ ಆ ಗಟಾರಕ್ಕೇ ಇಳಿಯುತ್ತದೆ ಎಂಬುದು ಸ್ವಲ್ಪ ಹೊತ್ತಿಗೆ ತಿಳಿಯಿತು. ಕೂಗಿದೆ. ತಲೆಯ ಮೇಲೆ ಎರಡು ಬೈಕು, ಒಂದು ಟ್ರ್ಯಾಕ್ಟರ್ ಹಾದುಹೋದವು. ಮಳೆಯ ಸದ್ದಿನಲ್ಲಿ ಯಾರಿಗೂ ನನ್ನ ಕೂಗು ಮುಟ್ಟಲಿಲ್ಲ. ದೇವರೇ, ಯಾರನ್ನಾದರೂ ಕಳಿಸು ಎಂದು ಬೇಡಿದೆ. ಎಷ್ಟು ಸಲ ಬೇಡಿದೆನೋ ಲೆಕ್ಕವಿಲ್ಲ. ಯಾರೂ ಬರಲಿಲ್ಲ. ನೀರು ಹೊಟ್ಟೆ ದಾಟಿತು. ಒಂದು ಕೈಯಿಂದ ಬೇಲಿಯ ಗಿಡದ ಬುಡ ಹಿಡಿದು ಎದೆ ಎತ್ತಿಕೊಂಡಿದ್ದೆ. ಇವತ್ತಿಗೂ ಕೈ ತೊಳೆಯುವಾಗ ನೀರು ಮಣಿಕಟ್ಟಿಗೆ ಬಂದರೆ ನನ್ನ ಬೆರಳುಗಳು ತಾವಾಗಿಯೇ ಏನನ್ನೋ ಹಿಡಿಯಲು ಹೋಗುತ್ತವೆ.

ಗಡಿಯಾರ ನೋಡಿದಾಗ ನಾಲ್ಕೂ ಇಪ್ಪತ್ತೈದು. ನನ್ನ ಪಾಳಿ ಆರಂಭವಾಗಿ ಇಪ್ಪತ್ತೈದು ನಿಮಿಷ. ಯೋಹಾನ ಕಾಕಾ ಎದ್ದು ಹೋಗಿರುತ್ತಾರೆ, ಕೋಣೆ ಖಾಲಿಯಿದೆ, ಅಲ್ಲಿ ಆರೋನನಿಗಾಗಿ ಬೇಡುವವರು ಯಾರೂ ಇಲ್ಲ. ಸಾಯುತ್ತೇನೆಂಬ ಹೆದರಿಕೆಗಿಂತ ಈ ಯೋಚನೆಯೇ ಹೆಚ್ಚು ಗಾಬರಿ ಹುಟ್ಟಿಸಿತು. ನನ್ನ ಬೇಡಿಕೆ ಬಿಟ್ಟೆ. ಅಲ್ಲಿದ್ದಂತೆಯೇ ಕಣ್ಣು ಮುಚ್ಚಿ ಹುಡುಗನ ಹೆಸರು ಹೇಳಿ ಪ್ರಾರ್ಥಿಸತೊಡಗಿದೆ.

ಇನ್ನು ಮುಂದಿನದನ್ನು ಆದದ್ದು ಆದಂತೆಯೇ ಹೇಳುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಮೊಣಕಾಲಿನ ಕೆಳಗೆ ನಾರಿನ ಚಾಪೆಯ ಒರಟು ತಿಳಿಯಿತು. ಫಿನೈಲಿನ ವಾಸನೆ ಬಂತು, ಜೊತೆಗೆ ಮುಚ್ಚಿದ ಕೋಣೆಯ ಹಳೆಯ ಪುಸ್ತಕಗಳ ಮುಗ್ಗಲು ವಾಸನೆ. ಮಳೆಯ ಸದ್ದು ದೂರದಲ್ಲಿ, ತಗಡಿನ ಮೇಲೆ ಬೀಳುವಂತೆ ಕೇಳುತ್ತಿತ್ತು. ಅದೇ ಹೊತ್ತಿಗೆ ನೀರಿನ ಥಂಡಿಯೂ ಕಾಲಿನ ನೋವೂ ಇದ್ದೇ ಇದ್ದವು. ಕನಸು ಬೀಳುತ್ತಿದೆ, ಎಚ್ಚರ ತಪ್ಪಿದರೆ ಮುಳುಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡದ್ದೂ ನೆನಪಿದೆ. ಕೊನೆಗೆ ಖಾಲಿಯಿದ್ದ ನನ್ನ ಬಲಗೈಯ ಕೆಳಗೆ ಒಂದು ಹೆಗಲು ಸಿಕ್ಕಿತು. ನೂಲಿನ ಸೀರೆ, ಒಳಗೆ ಕೈಗೆ ತಾಗುವ ಎಲುಬು. ಬೆಚ್ಚಗಿತ್ತು. ಕಣ್ಣು ಬಿಟ್ಟೆ. ಕೈ ನೀರಿನ ಮೇಲೆ ಚಾಚಿತ್ತು, ಎದುರಿಗೆ ಏನೂ ಇರಲಿಲ್ಲ. ಗಡಿಯಾರದಲ್ಲಿ ಐದು ಹೊಡೆದು ಒಂದು ನಿಮಿಷ.

ಐದೂವರೆಯ ಮೇಲೆ ಎಮ್ಮೆ ಹುಡುಕುತ್ತ ಬಂದ ಹಿರಿಯರೊಬ್ಬರು ನನ್ನನ್ನು ಕಂಡರು. ಆಗ ನೀರು ಕೊರಳಿನ ಹತ್ತಿರವಿತ್ತು. ಅವರು ಇನ್ನಿಬ್ಬರನ್ನು ಕರೆದು ಗಾಡಿ ಎತ್ತಿಸಿದರು. ನನ್ನನ್ನು ರಸ್ತೆಗೆ ತಂದು ಮಲಗಿಸುವವರೆಗೂ ಬೈಯುತ್ತಲೇ ಇದ್ದರು. "ಮಳಿಗಾಲದಾಗ ಈ ದಾರಿಗೆ ನಮ್ಮ ಎಮ್ಮಿ ಸೈತ ಬರಂಗಿಲ್ರಿ ಬಾಯಾರ. ಅದಕ್ಕಿದ್ದಷ್ಟ ಶಾಣ್ಯಾತನಾ ನಿಮಗಿಲ್ಲೇನ್ರಿ?" ಅವರ ಹೆಸರು ಕೇಳುವಷ್ಟೂ ಎಚ್ಚರ ನನಗಿರಲಿಲ್ಲ.

ಕಾಲಿನ ಎಲುಬು ಎರಡು ಕಡೆ ಮುರಿದಿತ್ತು. ಖಾನಾಪುರದಲ್ಲೇ ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಗ್ಗೆ ರೂತಕ್ಕ ಗಂಜಿ ತಗೊಂಡು ಬಂದಳು. ಐದರಿಂದ ಆರರ ಪಾಳಿ ಅವಳದು. ಎಪ್ಪತ್ತು ದಾಟಿದ ಸಣ್ಣ ಮೈಯ ಹೆಂಗಸು. ಬಂದವಳೇ ಕಾಟಿನ ಮೇಲೆ ಕೂತು ಶುರು ಮಾಡಿದಳು.

"ಚರ್ಚಿನಿಂದ ಹೊಳ್ಳಿ ಹೋಗುವಾಗ ಬಿದ್ದೇನು? ನನಗ ಆವಾಗ ಅನಿಸಿತ್ತು, ಈ ಹುಡುಗಿ ತೊಯ್ಸ್ಕೊಂಡ ಬಂದೈತಿ, ಇನ್ನಷ್ಟ ಹೊತ್ತ ಕುಂತು ಮೈ ಒರಿಸ್ಕೊಂಡ ಹೋಗಬಾರದೇನು ಅಂತ. ನಿನ್ನ ಕೈ ಬರಫಿನಂಗ ಥಣ್ಣಗಾಗಿತ್ತ ನೋಡ. ನನ್ನ ಸೀರಿ ಹೆಗಲಮ್ಯಾಗ ತೊಯ್ದು ನೀರ ಇಳೀತು."

ಯಾವ ಕೈ ಎಂದು ಕೇಳಿದೆ.

"ಯಾವ ಕೈ ಅಂದ್ರ? ಪಾಳಿ ಮುಗಿಸಿ ಎದ್ದು ನನ್ನ ಹೆಗಲಮ್ಯಾಗ ಇಟ್ಟೆಲಾ. ತಲಿಮ್ಯಾಗ ಸೆರಗ ಹೊದ್ಕೊಂಡ ಕುಂತಿದ್ದಿ. ನಾ ಮಾರಿ ನೋಡ್ಲಿಲ್ಲ, ನೋಡೂ ಹಂಗಿಲ್ಲ."

ನಾನು ಚರ್ಚಿಗೆ ಹೋಗಿ ಮುಟ್ಟಲೇ ಇಲ್ಲ ಎಂದು ಹೇಳಿದೆ. ರೂತಕ್ಕ ಗಂಜಿಯ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿ, "ಮೊದಲ ಉಣ್ಣು" ಎಂದಳು.

ಆರೋನ ಅದರ ಮರುದಿನ ಬೆಳಗ್ಗೆ ತೀರಿಕೊಂಡ. ಕಣ್ಣು ಬಿಡಲೇ ಇಲ್ಲ.

ಮುಂದಿನ ದಿನಗಳಲ್ಲಿ ನಾನು ಮಲಗಿದಲ್ಲಿಂದಲೇ, ನೋಡಲು ಬಂದವರಲ್ಲೂ ಫೋನಿನಲ್ಲೂ, ಸಭೆಯ ಪ್ರತಿ ಮನೆಯವರನ್ನೂ ಕೇಳಿದೆ. ಮೂವತ್ತು ಮನೆಗಳು. ಆ ತಾಸು ಯಾರಾದರೂ ಕೋಣೆಯಲ್ಲಿ ಕೂತಿದ್ದಿರಾ ಎಂದು. ಯಾರೂ ಕೂತಿರಲಿಲ್ಲ. ಯೋಹಾನ ಕಾಕಾ ನಾಲ್ಕಕ್ಕೆ ಖಾಲಿ ಕೋಣೆ ಬಿಟ್ಟು ರೈಲು ಹಿಡಿದದ್ದು ನಿಜ ಎಂದು ಅತ್ತರು. ಸಭೆಯಲ್ಲಿ ಕೆಲವರು ನಾನು ಎದ್ದು ಸಾಕ್ಷಿ ಹೇಳಬೇಕೆಂದರು. ನಾನು ಒಪ್ಪಲಿಲ್ಲ. ಏನೆಂದು ಹೇಳಲಿ? ಸರಪಳಿ ಹರಿಯಲಿಲ್ಲ, ಆದರೆ ಹುಡುಗ ಉಳಿಯಲಿಲ್ಲ ಎಂದೇ? ನನ್ನ ಕೈಯನ್ನು ಅಷ್ಟು ದೂರ ತಲುಪಿಸಿದ್ದು ಯಾವುದೋ, ಅದು ಆರೋನನ ಮಂಚದವರೆಗೆ ಯಾಕೆ ಹೋಗಲಿಲ್ಲ? ರೂತಕ್ಕನ ವಯಸ್ಸು, ನನ್ನ ದಣಿವು, ಯಾರದೋ ಮರೆವು, ಎಲ್ಲವನ್ನೂ ಕೂಡಿಸಿ ನೋಡಿದ್ದೇನೆ. ಒದ್ದೆಯಾದ ಸೀರೆ ಮಾತ್ರ ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ದಾರಿಯಲ್ಲಿ ರೂತಕ್ಕನೇ ನೆನೆದಿರಬಹುದಲ್ಲ ಎಂದೂ ಕೇಳಿದೆ. "ಛತ್ರಿ ಹಿಡ್ಕೊಂಡ ಬಂದಿದ್ನೆವಾ. ಒಂದ ಹೆಗಲ ಅಷ್ಟ ತೊಯ್ತದೇನು?" ಎಂದಳು.

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ನೀರು ಏರುತ್ತಿತ್ತು. ಆಸ್ಪತ್ರೆಯಿಂದ ನಾನು ಅವ್ವನ ಮನೆಗೆ ಹೋಗಿದ್ದೆ, ಸುನೀತಾಳೂ ಅಲ್ಲಿಗೇ ಬಂದು ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು. ಮಲಗುತ್ತಿದ್ದಳು ಎನ್ನುವುದು ಮಾತಿಗೆ ಅಷ್ಟೇ. ಅವಳಿಗೆ ನನ್ನ ಪಾಳಿಯ ವಿಷಯ ಹೇಳಿರಲಿಲ್ಲ. ಬಿದ್ದದ್ದು ಗೊತ್ತಿತ್ತು, ಯಾವಾಗ ಎಂಬುದು ಗೊತ್ತಿಲ್ಲವೆಂದೇ ತಿಳಿದಿದ್ದೆ. ಕಾಲಿನ ಪ್ಲಾಸ್ಟರ್ ಕತ್ತರಿಸಿಕೊಂಡು ಬಂದ ದಿನ, ಊಟವಾದ ಮೇಲೆ ಹೇಳಿಬಿಟ್ಟೆ.

"ಸುನೀ, ಆವತ್ತ ನಾ ಚರ್ಚಿಗೆ ಹೋಗಿ ಮುಟ್ಟಲೇ ಇಲ್ಲ."

"ಗೊತ್ತೈತಿ. ಆರೋನನ ಮಣ್ಣಿನ ದಿನಾನ ರೂತಕ್ಕ ಹೇಳ್ಯಾಳ."

"ಮತ್ತ ನನ್ನ ಯಾಕ ಕೇಳಲಿಲ್ಲ?"

ಅವಳು ಹಾಸಿಗೆಯ ಚಾದರ ಸರಿಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಏನಂತ ಕೇಳ್ಲಿ? ನಾ ಅವನ ಬಾಜೂಕ ಕುಂತು ಒಂದ ದಿನಾನೂ ಪ್ರಾರ್ಥನಿ ಮಾಡ್ಲಿಲ್ಲ, ಅಕ್ಕಾ. ಬಾಯಿ ತೆರದ್ರ ದೇವರಿಗಿ ಬೈಗಳಾನ ಬರ್ತಿದ್ದು. ಹಂಗಾರ ನನ್ನಿಂದ ಹೋದನೇನು ಅಂವಾ?"

"ಇಲ್ಲ" ಎಂದೆ.

"ಹಂಗಾರ ನಿನ್ನಿಂದಾನೂ ಅಲ್ಲ."

ಈಗಲೂ ದೇವರ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

"ಐತಿ. ಆದ್ರ ಐತಾರ ಚರ್ಚಿಗೆ ನಿನ್ನ ಜೋಡಿ ಬರ್ತೀನಿ. ಸಿಟ್ಟ ಮಾಡಾಕರೆ ಮತ್ತ ಯಾರ ಹಂತ್ಯಾಕ ಹೋಗ್ಲಿ?"

ದೀಪ ಆರಿಸಿದಳು. ನಾನು ಎಂದಿನಂತೆ ನೀರು ಬರುತ್ತದೆಂದು ಕಾಯುತ್ತ ಮಲಗಿದೆ. ಪಕ್ಕದಲ್ಲಿ ಅವಳ ಉಸಿರು ನಿಧಾನವಾಗುವುದು ಕೇಳಿಸಿತು. ಅದು ಆಗಸ್ಟ್ ಕೊನೆಯ ಶುಕ್ರವಾರ. ಶನಿವಾರ ಬೆಳಗ್ಗೆ ಏಳೂವರೆಗೆ ಅವ್ವ ಗಾಬರಿಯಿಂದ ಬಾಗಿಲು ಬಡಿಯುವವರೆಗೆ ಇಬ್ಬರಿಗೂ ಎಚ್ಚರವಾಗಲಿಲ್ಲ.